ಡಿಶ್, ಆಂಟೆನಾ, ಒಂದೇ ಕೇಬಲ್: ಎಚ್‌ಡಿ ಟಿವಿಗೆ ತಾರಸಿ ಮೇಲಿನ ಕೆಲಸ

ಡಿಶ್ ಕೂರಿಸಿದ ದಿನ ಎಲ್ಲರ ಮನೆಯಲ್ಲೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಕೂರಿಸಲು ಬಂದವರು ರಿಮೋಟ್ ಕೈಗಿತ್ತು, ಏಣಿ ಎತ್ತಿಕೊಂಡು ಹೊರಡುತ್ತಾರೆ. ಕೆಲಸದ ಗುಣ ಬಯಲಾಗುವುದು ಮೊದಲ ಜೋರು ಮಳೆಯಲ್ಲಿ: ಪರದೆ ಚೌಕ ಚೌಕವಾಗಿ ಒಡೆಯುತ್ತದೆ, ದನಿ ತುಂಡಾಗುತ್ತದೆ, ಆಮೇಲೆ ಬರೀ ಕಪ್ಪು. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಸೊರಗಿದರೆ ಪರದೆ ತುಂಬ ಚುಕ್ಕಿಗಳು ಕುಣಿದು ಮೊದಲೇ ಸುಳಿವು ಕೊಡುತ್ತಿದ್ದವು. ಡಿಜಿಟಲ್‌ನಲ್ಲಿ ಆ ಸುಳಿವಿಲ್ಲ. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು (ಸಿಗ್ನಲ್‌ನ ಸೊನ್ನೆ-ಒಂದುಗಳನ್ನು) ಸೆಟ್‌ಟಾಪ್ ಬಾಕ್ಸ್ ಸದ್ದಿಲ್ಲದೆ ತಿದ್ದಿಕೊಳ್ಳುತ್ತಿರುತ್ತದೆ. ತಿದ್ದುವ ತಾಕತ್ತು ಮೀರಿದ ಕ್ಷಣ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಬಿಸಿಲಿನ ದಿನ ಗಟ್ಟಿಮುಟ್ಟಾದ ಜೋಡಣೆಯೂ ಅಂಚಿನಲ್ಲಿ ತೂಗಾಡುತ್ತಿರುವ ಜೋಡಣೆಯೂ ನೋಡಲು ಒಂದೇ ಥರ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಚಿತ್ರ ನೋಡಿ ಪ್ರಯೋಜನವಿಲ್ಲ. ಕುಸಿಯುವ ಅಂಚಿಗಿಂತ ಎಷ್ಟು ಡೆಸಿಬೆಲ್ (ಸಿಗ್ನಲ್‌ನ ಬಲ ಹೋಲಿಸುವ ಅಳತೆ) ಮೇಲಿದ್ದೇವೆ ಎಂದು ನೋಡಬೇಕು.

ಎಚ್‌ಡಿ ಚಾನೆಲ್‌ಗಳಿಗೆ ಈ ಅಂತರ ಇನ್ನೂ ಮುಖ್ಯ. ಅಷ್ಟೇ ಜಾಗದಲ್ಲಿ ಹೆಚ್ಚು ಮಾಹಿತಿ ತುಂಬಲು ಡಿವಿಬಿ-ಎಸ್2 ಎಂಬ ಉಪಗ್ರಹ ಪ್ರಸಾರ ಪದ್ಧತಿಯಲ್ಲಿ ಸಾಮಾನ್ಯವಾಗಿ 8ಪಿಎಸ್‌ಕೆ ಎಂಬ, ಮಾಹಿತಿಯನ್ನು ಹೆಚ್ಚು ಒತ್ತೊತ್ತಾಗಿ ಅಲೆಗೇರಿಸುವ ವಿಧಾನ ಬಳಸುತ್ತಾರೆ. ಈ ಪದ್ಧತಿಯಲ್ಲಿ ಅಷ್ಟು ಒತ್ತಾಗಿರದ ಕ್ಯೂಪಿಎಸ್‌ಕೆ 3/4ಕ್ಕೆ (3/4 ಅಂದರೆ ನಾಲ್ಕು ಬಿಟ್‌ಗಳಲ್ಲಿ ಮೂರು ಮಾಹಿತಿಗೆ, ಒಂದು ತಪ್ಪು ತಿದ್ದಲು) ಗದ್ದಲಕ್ಕಿಂತ (ಸಿಗ್ನಲ್ ಜೊತೆ ಬೆರೆಯುವ ಬೇಡದ ಅಲೆಗಳಿಗಿಂತ) ಸುಮಾರು 4 ಡೆಸಿಬೆಲ್ ಹೆಚ್ಚಿನ ಸಿಗ್ನಲ್ ಸಾಕು. 8ಪಿಎಸ್‌ಕೆ 3/4ಕ್ಕೆ ಸುಮಾರು 8 ಬೇಕು. ಅದೇ ಡಿಶ್‌ನಲ್ಲಿ ಸಾದಾ ಚಾನೆಲ್ ಬಂದು ಎಚ್‌ಡಿ ಮಾತ್ರ ಕೈಕೊಡುವುದು ಇದಕ್ಕೇ. 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್ ಹಾಕಿದರೆ ಸುಮಾರು 3.5 ಡೆಸಿಬೆಲ್ ಗಳಿಕೆ. ಹೆಚ್ಚು ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಡಿಶ್‌ಗೆ ಮಾಡಿ. ಬೂಸ್ಟರ್‌ಗೆ ಬೇಡ, ಅದು ಸಿಗ್ನಲ್ ಜೊತೆ ಗದ್ದಲವನ್ನೂ ಅಷ್ಟೇ ಹಿಗ್ಗಿಸುತ್ತದೆ.

ಜಾಗ, ಕಂಬ

ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ನಮ್ಮ ಕಣ್ಣಿಗೆ ಕದಲದೆ ನಿಂತ ಹಾಗೆ ಸುತ್ತುತ್ತವೆ. ಉಪಗ್ರಹದ ರೇಖಾಂಶ ಮತ್ತು ನೀವಿರುವ ಜಾಗ ಹೇಳಿದರೆ ಮೊಬೈಲ್ ಆ್ಯಪ್‌ಗಳು ಮೂರು ಸಂಖ್ಯೆ ಕೊಡುತ್ತವೆ: ದಿಕ್ಕು, ಎಲಿವೇಷನ್ (ನೆಲದಿಂದ ಎಷ್ಟು ಡಿಗ್ರಿ ಮೇಲೆ ನೋಡಬೇಕು ಎಂಬುದು), ಮತ್ತು ಸ್ಕ್ಯೂ (ಡಿಶ್‌ನ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗವನ್ನು ಎಷ್ಟು ತಿರುಗಿಸಬೇಕು ಎಂಬುದು). ಎಲಿವೇಷನ್ 45 ಡಿಗ್ರಿ ಇದ್ದರೆ ಡಿಶ್‌ಗಿಂತ 5 ಮೀಟರ್ ಎತ್ತರದ ಮರ ಕನಿಷ್ಠ 5 ಮೀಟರ್ ದೂರ ಇರಬೇಕು. 30 ಡಿಗ್ರಿಗೆ ಇಳಿದರೆ ಅದೇ ಮರ 8.7 ಮೀಟರ್ ದೂರ ಇರಬೇಕಾಗುತ್ತದೆ. ಮರ ಬೆಳೆಯುತ್ತದೆ ಎಂಬುದನ್ನು ಮರೆಯಬೇಡಿ. ಬೋಳು ಕೊಂಬೆಗಳ ನಡುವೆ ಹೇಗೋ ನುಸುಳಿ ಬರುವ ಸಿಗ್ನಲ್, ಒದ್ದೆ ಎಲೆಗಳು ತುಂಬಿದಾಗ ನುಸುಳುವುದಿಲ್ಲ.

ಇಲ್ಲಿ ಕಣ್ಣಿಗೆ ಒಂದು ಮೋಸವಿದೆ. ಮನೆಗಳಿಗೆ ಹಾಕುವುದು ಆಫ್‌ಸೆಟ್ ಡಿಶ್. ಅದರ ತಟ್ಟೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿದ್ದರೂ ಅದು ನಿಜವಾಗಿ ನೋಡುತ್ತಿರುವುದು ತಟ್ಟೆಯ ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಕ್ಕೆ. ಎದುರಿನ ಗೋಡೆಗೆ ಮುಖ ಮಾಡಿದಂತೆ ಕಾಣುವ ಡಿಶ್ ಗೋಡೆಯ ಮೇಲಿನ ಆಕಾಶವನ್ನು ನೋಡುತ್ತಿರಬಹುದು. ಅಡ್ಡಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವಾಗ ತಟ್ಟೆಯನ್ನು ನಂಬದೆ ಎಲಿವೇಷನ್ ಸಂಖ್ಯೆಯನ್ನೇ ನಂಬಿ.

ಕಂಬ ತೂಗುಗುಂಡಿನ ದಾರದಷ್ಟು ನೆಟ್ಟಗಿರಬೇಕು. ರಸಮಟ್ಟವನ್ನು ಒಂದು ಮಗ್ಗುಲಿಗೆ ಹಿಡಿದು ನೋಡಿ, ಆಮೇಲೆ ಕಾಲು ಸುತ್ತು ತಿರುಗಿ ಇನ್ನೊಂದು ಮಗ್ಗುಲಿಗೂ ಹಿಡಿಯಿರಿ. ಒಂದೇ ಮಗ್ಗುಲು ನೋಡಿ ಬಿಡುವುದು ತೀರಾ ಸಾಮಾನ್ಯ ತಪ್ಪು. ಕಂಬ ವಾಲಿದ್ದರೆ ಡಿಶ್ಶನ್ನು ಎಡಬಲ ತಿರುಗಿಸಿದಾಗಲೆಲ್ಲ ಎಲಿವೇಷನ್ ಕೂಡ ಬದಲಾಗುತ್ತದೆ. ಬ್ರ್ಯಾಕೆಟ್ ಮೇಲೆ ಕೊರೆದಿರುವ ಡಿಗ್ರಿ ಗುರುತು ಸುಳ್ಳಾಗುತ್ತದೆ. ಆಗ ಸಿಗ್ನಲ್ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಗಾಳಿಯ ಲೆಕ್ಕವನ್ನೂ ಹಾಕಿ. ಗಂಟೆಗೆ 100 ಕಿ.ಮೀ. ಗಾಳಿ 90 ಸೆಂ.ಮೀ. ಡಿಶ್ಶನ್ನು ಎದುರಿನಿಂದ ಹೊಡೆದರೆ ಸುಮಾರು 40 ಕೆ.ಜಿ. ತೂಕ ಜೋತು ಬಿದ್ದಷ್ಟು ಬಲ ಕಂಬದ ತುದಿಗೆ ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದ್ದರಿಂದ ಇಟ್ಟಿಗೆ ಅಥವಾ ಕಾಂಕ್ರೀಟ್‌ಗೆ ಕನಿಷ್ಠ ನಾಲ್ಕು 10 ಮಿ.ಮೀ. ಆಂಕರ್ ಬೋಲ್ಟ್ ಹಾಕಿ. ಗಾರೆಗೆ, ಇಟ್ಟಿಗೆಗಳ ಸಂದಿಗೆ ಬೋಲ್ಟ್ ಹೊಡೆಯಬೇಡಿ. ಹಳೆಯ ಪ್ಯಾರಪೆಟ್ ಗೋಡೆ ಕೈಯಿಂದ ತಳ್ಳಿದರೆ ಅಲ್ಲಾಡುವಂತಿದ್ದರೆ ಅಲ್ಲಿ ಡಿಶ್ ಬೇಡವೇ ಬೇಡ. ಕಂಬ ಮುರಿದು ಬಿದ್ದರೂ ಕರೆಂಟ್ ತಂತಿಗೆ ತಾಕದಷ್ಟು ದೂರ ಇರಲಿ. ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬಾರದು.

ಗುರಿ ಹಿಡಿಯುವುದು

ಮೊದಲು ಎಲಿವೇಷನ್ ಸಂಖ್ಯೆಗೆ ಡಿಶ್ ಕೂರಿಸಿ, ಬೋಲ್ಟ್ ಅರೆಬಿಗಿ ಮಾಡಿ. ಆಮೇಲೆ ಎಡಬಲ ತಿರುಗಿಸಿ ಹುಡುಕಿ. ಮೊಬೈಲ್‌ನ ದಿಕ್ಸೂಚಿಯನ್ನು ಕಬ್ಬಿಣದ ಕಂಬಕ್ಕೋ ಗ್ರಿಲ್‌ಗೋ ತಾಗಿಸಿ ನೋಡಿದರೆ ಹತ್ತು ಹದಿನೈದು ಡಿಗ್ರಿ ತಪ್ಪಬಹುದು. ಎರಡು ಮೂರು ಮೀಟರ್ ಹಿಂದೆ ಸರಿದು, ದೂರದ ಒಂದು ಕಟ್ಟಡವನ್ನೋ ಮರವನ್ನೋ ಗುರುತಿಟ್ಟುಕೊಂಡು, ಆಮೇಲೆ ಡಿಶ್ಶನ್ನು ಅದರ ಕಡೆ ತಿರುಗಿಸಿ.

ಬಾಕ್ಸ್‌ನ ಪರದೆಯಲ್ಲಿ ಎರಡು ಪಟ್ಟಿಗಳಿರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ಪಟ್ಟಿಗೆ ಮರುಳಾಗಬೇಡಿ. ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಎಲ್‌ಎನ್‌ಬಿ ತನ್ನದೇ ಗದ್ದಲವನ್ನು ಕಳಿಸುತ್ತಿರುತ್ತದೆ. ಸ್ಟ್ರೆಂತ್ ಅರ್ಧಕ್ಕಿಂತ ಮೇಲೆ ನಿಂತಿರಬಹುದು. ಸರಿಯಾದ ಉಪಗ್ರಹ ಸಿಕ್ಕಿತೆಂದು ಹೇಳುವುದು ಕ್ವಾಲಿಟಿ ಮಾತ್ರ. ಅದು ಸೊನ್ನೆಯಲ್ಲೇ ಇದ್ದು ಒಮ್ಮೆಲೇ ಜಿಗಿಯುತ್ತದೆ.

ಇದು ಎಷ್ಟು ಸೂಕ್ಷ್ಮ ಕೆಲಸ ಎಂದು ಅಂದಾಜಿಗೆ ಸಿಗಬೇಕಾದರೆ ಈ ಲೆಕ್ಕ ನೋಡಿ. 12 ಗಿಗಾಹರ್ಟ್ಸ್‌ನಲ್ಲಿ 60 ಸೆಂ.ಮೀ. ಡಿಶ್‌ನ ನೋಟದ ಅಗಲ ಸುಮಾರು 3 ಡಿಗ್ರಿ, 90 ಸೆಂ.ಮೀ. ಡಿಶ್‌ನದು 2 ಡಿಗ್ರಿಗೂ ಸ್ವಲ್ಪ ಕಡಿಮೆ. 50 ಮಿ.ಮೀ. ದಪ್ಪದ ಕಂಬದ ಸುತ್ತ ಒಂದು ಡಿಗ್ರಿ ಅಂದರೆ ಅರ್ಧ ಮಿಲಿಮೀಟರ್‌ಗೂ ಕಡಿಮೆ. ಪೆನ್ಸಿಲ್ ಗೀಟಿನ ದಪ್ಪ. ಕೈಯಲ್ಲಿ ಸರ್ರನೆ ತಿರುಗಿಸಿದರೆ ಉಪಗ್ರಹ ಬಂದು ಹೋದದ್ದೂ ಗೊತ್ತಾಗುವುದಿಲ್ಲ, ಏಕೆಂದರೆ ಬಾಕ್ಸ್‌ನ ಪಟ್ಟಿ ಒಂದೆರಡು ಸೆಕೆಂಡ್ ತಡವಾಗಿ ಏರುತ್ತದೆ. ಅಂಚನ್ನು ಹಿಡಿದು 5 ಮಿ.ಮೀ.ನಷ್ಟು ಸರಿಸಿ, ಮೂರು ಎಣಿಸಿ, ನೋಡಿ, ಮತ್ತೆ ಸರಿಸಿ.

ಕ್ವಾಲಿಟಿ ಸಿಕ್ಕ ಕೂಡಲೇ ಬಿಗಿ ಮಾಡಿ ಇಳಿದು ಬಿಡುವ ಆಸೆ ಎಲ್ಲರಿಗೂ. ಆದರೆ ಸಿಕ್ಕಿದ್ದು ಬೆಟ್ಟದ ಇಳಿಜಾರು ಮಾತ್ರ ಇರಬಹುದು, ನೆತ್ತಿಯಲ್ಲ. ನೆತ್ತಿಯ ಹತ್ತಿರ ಸಂಖ್ಯೆ ನಿಧಾನವಾಗಿ ಬದಲಾಗುವುದರಿಂದ ನೇರವಾಗಿ ಅದನ್ನು ಹುಡುಕುವುದು ಕಷ್ಟ. ಅದಕ್ಕೊಂದು ಉಪಾಯವಿದೆ. ಕಂಬಕ್ಕೆ ಮಾಸ್ಕಿಂಗ್ ಟೇಪಿನ (ಕಾಗದದ ಟೇಪಿನ) ತುಂಡೊಂದನ್ನು ಅಂಟಿಸಿ. ಡಿಶ್ಶನ್ನು ಎಡಕ್ಕೆ ಸರಿಸುತ್ತಾ ಹೋಗಿ, ಕ್ವಾಲಿಟಿ, ಹೇಳುವುದಾದರೆ, 50ಕ್ಕೆ ಬಿದ್ದಲ್ಲಿ ಬ್ರ್ಯಾಕೆಟ್ಟಿನ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೀಟು ಹಾಕಿ. ಬಲಕ್ಕೆ ಸರಿಸಿ, ಅದೇ 50ಕ್ಕೆ ಬಿದ್ದಲ್ಲಿ ಇನ್ನೊಂದು ಗೀಟು. ಎರಡರ ನಟ್ಟನಡುವೆ ನಿಲ್ಲಿಸಿ. ಎಲಿವೇಷನ್‌ಗೂ ಹೀಗೇ ಮಾಡಿ. ಈ ಹತ್ತು ನಿಮಿಷದ ಕೆಲಸ ಮಳೆಯ ದಿನ ಒಂದೆರಡು ಡೆಸಿಬೆಲ್ ಆಗಿ ವಾಪಸು ಬರುತ್ತದೆ. ಬೋಲ್ಟ್‌ಗಳನ್ನು ಎಡಕ್ಕೊಂದು ಬಲಕ್ಕೊಂದು ಎಂಬಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕಣ್ಣು ಕ್ವಾಲಿಟಿ ಮೇಲಿರಲಿ. ಒಂದೇ ಕಡೆ ಪೂರ್ತಿ ಬಿಗಿದರೆ ಡಿಶ್ ಅರ್ಧ ಡಿಗ್ರಿ ಎಳೆದುಕೊಂಡು ಹೋಗುತ್ತದೆ.

ಸ್ಕ್ಯೂ ಕೊನೆಗೆ. ಲಂಬ, ಅಡ್ಡ ಎಂದು ಎರಡು ರೀತಿಯಲ್ಲಿ ಪ್ರಸಾರವಾಗುವ ಸಿಗ್ನಲ್‌ಗಳು ಒಂದರೊಳಗೊಂದು ಬೆರೆಯದಿರಲು ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೆ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. ಅದಲು ಬದಲಾದ ದಿಕ್ಕಿಗೆ ತಿರುಗಿಸುವುದು ಇಲ್ಲಿನ ಎಡವಟ್ಟು: ಡಿಶ್‌ನ ಹಿಂದೆ ನಿಂತು ನೋಡಿದ್ದೋ ಮುಂದೆ ನಿಂತು ನೋಡಿದ್ದೋ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಲಂಬ, ಅಡ್ಡ ಎಂಬ ಈ ಧ್ರುವೀಕರಣದ ಬದಲು ವೃತ್ತಾಕಾರದ್ದನ್ನು (ಅಲೆ ತಿರುಗುತ್ತಾ ಬರುವಂಥದ್ದನ್ನು) ಬಳಸುವ ಉಪಗ್ರಹಗಳಿಗೆ ಸ್ಕ್ಯೂ ಗೋಜಿಲ್ಲ.

ಕೇಬಲ್ ಮತ್ತು ಕನೆಕ್ಟರ್

ಯೂನಿವರ್ಸಲ್ ಎಲ್‌ಎನ್‌ಬಿ 10.7ರಿಂದ 12.75 ಗಿಗಾಹರ್ಟ್ಸ್‌ವರೆಗಿನ ಸಿಗ್ನಲ್ ಅನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕೇಬಲ್‌ಗೆ ಬಿಡುತ್ತದೆ. ಎಲ್ಲವನ್ನೂ ಒಟ್ಟಿಗೆ ಇಳಿಸಲು ಜಾಗ ಸಾಲದು, ಹಾಗಾಗಿ ಅದು ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕಳಿಸುತ್ತದೆ. ಯಾವ ಪಾಲು ಎಂದು ಬಾಕ್ಸ್ ಅದೇ ಕೇಬಲ್‌ನಲ್ಲೇ ಹೇಳುತ್ತದೆ: 13 ವೋಲ್ಟ್ ಕೊಟ್ಟರೆ ಲಂಬ, 18 ಕೊಟ್ಟರೆ ಅಡ್ಡ, ಜೊತೆಗೆ 22 ಕಿಲೋಹರ್ಟ್ಸ್ ಟೋನ್ ಇದ್ದರೆ ಮೇಲಿನ ಬ್ಯಾಂಡ್ (ಹೆಚ್ಚಿನ ಫ್ರೀಕ್ವೆನ್ಸಿಗಳ ಪಾಲು), ಇಲ್ಲದಿದ್ದರೆ ಕೆಳಗಿನದು. ಇದು ಅರ್ಥವಾದರೆ ಅರ್ಧ ರಿಪೇರಿ ಕಲಿತಂತೆ. ಒಂದೇ ಎಲ್‌ಎನ್‌ಬಿಗೆ ಸಾದಾ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ಓಡಿಸಲು ಏಕೆ ಆಗದು ಎಂಬುದೂ ಇದರಿಂದಲೇ ತಿಳಿಯುತ್ತದೆ: ಒಂದು ಬಾಕ್ಸ್ 13 ಕೇಳುವಾಗ ಇನ್ನೊಂದು 18 ಕೇಳಿದರೆ ಎಲ್‌ಎನ್‌ಬಿ ಒಬ್ಬರ ಮಾತು ಮಾತ್ರ ಕೇಳಬಲ್ಲದು. ಎರಡು ಬಾಕ್ಸ್‌ಗೆ ಟ್ವಿನ್ ಎಲ್‌ಎನ್‌ಬಿ, ನಾಲ್ಕಕ್ಕೆ ಕ್ವಾಡ್, ಅದಕ್ಕೂ ಹೆಚ್ಚಾದರೆ ಕ್ವಾಟ್ರೊ ಎಲ್‌ಎನ್‌ಬಿ (ನಾಲ್ಕು ಪಾಲನ್ನೂ ನಾಲ್ಕು ಕೇಬಲ್‌ಗಳಲ್ಲಿ ಬೇರೆ ಬೇರೆ ಕಳಿಸುವಂಥದ್ದು) ಮತ್ತು ಮಲ್ಟಿಸ್ವಿಚ್ (ಯಾವ ಬಾಕ್ಸ್ ಯಾವ ಪಾಲು ಕೇಳಿದರೂ ಹಂಚುವ ಪೆಟ್ಟಿಗೆ) ಬೇಕು. ಕ್ವಾಡ್, ಕ್ವಾಟ್ರೊ ಹೆಸರು ಕೇಳಲು ಒಂದೇ ಥರ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ಕೇಬಲ್ 75 ಓಮ್‌ನ ಆರ್‌ಜಿ-6 ಇರಲಿ. 2150 ಮೆಗಾಹರ್ಟ್ಸ್‌ನಲ್ಲಿ ಅದು 100 ಮೀಟರ್‌ಗೆ ಸುಮಾರು 30 ಡೆಸಿಬೆಲ್ ನುಂಗುತ್ತದೆ, ಅಂದರೆ 30 ಮೀಟರ್ ಓಟಕ್ಕೆ 9ರ ಆಸುಪಾಸು. ಎಲ್‌ಎನ್‌ಬಿಯ ವರ್ಧನೆ ಅಷ್ಟನ್ನು ತಡೆದುಕೊಳ್ಳುತ್ತದೆ. ಒಳಗಿನ ತಂತಿ ಪೂರ್ತಿ ತಾಮ್ರದ್ದೋ ತಾಮ್ರ ಲೇಪಿಸಿದ ಉಕ್ಕಿನದೋ ಎಂದು ಕೊಳ್ಳುವಾಗಲೇ ನೋಡಿ: ಅಯಸ್ಕಾಂತ ಹಿಡಿದರೆ ಉಕ್ಕು ಅಂಟುತ್ತದೆ. ಸಿಗ್ನಲ್‌ಗೆ ಎರಡೂ ಒಂದೇ, ಅದು ಮೇಲ್ಪದರದಲ್ಲೇ ಹರಿಯುತ್ತದೆ. ವ್ಯತ್ಯಾಸ ಕಾಣುವುದು ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜ್‌ನಲ್ಲಿ. 50 ಮೀಟರ್ ಉದ್ದಕ್ಕೆ 200 ಮಿಲಿಆಂಪ್ ಹರಿದರೆ ಉಕ್ಕಿನ ತಂತಿ ಸುಮಾರು 0.9 ವೋಲ್ಟ್ ತಿನ್ನುತ್ತದೆ, ತಾಮ್ರದ್ದು 0.2. ಮಲ್ಟಿಸ್ವಿಚ್‌ನಂಥ ಇನ್ನಷ್ಟು ಹೊರೆ ಸೇರಿ, ಕನೆಕ್ಟರ್‌ಗಳೂ ತುಕ್ಕು ಹಿಡಿದರೆ 18 ವೋಲ್ಟ್ ಎಲ್‌ಎನ್‌ಬಿ ತಲುಪುವಷ್ಟರಲ್ಲಿ 18 ಎಂದು ಗುರುತಿಸಲಾಗದಷ್ಟು ಸೋರಿಹೋಗಿರುತ್ತದೆ. ಆಗ ಅರ್ಧ ಚಾನೆಲ್‌ಗಳು ಮಾಯ.

ಎಫ್ ಕನೆಕ್ಟರ್ (ಕೇಬಲ್‌ನ ತುದಿಗೆ ಹಾಕುವ, ತಿರುಗಿಸಿ ಬಿಗಿಯುವ ಲೋಹದ ತಲೆ) ಹಾಕುವುದನ್ನು ನಿಧಾನವಾಗಿ ಮಾಡಿ. ಹೊರಗಿನ ಕಪ್ಪು ಹೊದಿಕೆಯನ್ನು ಸುಮಾರು 13 ಮಿ.ಮೀ. ತೆಗೆಯಿರಿ. ಜಾಲರಿಯ ಎಳೆಗಳನ್ನು ಒಂದೂ ಬಿಡದಂತೆ ಹಿಂದಕ್ಕೆ ಸವರಿ ಮಡಚಿ. ಬಿಳಿ ನೊರೆಗೆ ಅಂಟಿರುವ ಹಾಳೆಯನ್ನು ಹಾಗೇ ಬಿಡಿ. ತುದಿಯಿಂದ 6–7 ಮಿ.ಮೀ. ಬಿಳಿ ನೊರೆ ತೆಗೆದು ನಡುವಿನ ತಂತಿಯನ್ನು ಬಿಡಿಸಿ. ಬ್ಲೇಡ್ ತಂತಿಗೆ ಗೀರು ಹಾಕಬಾರದು, ಗೀರಿದಲ್ಲೇ ಅದು ಮುಂದೊಂದು ದಿನ ಮುರಿಯುವುದು. ಕನೆಕ್ಟರ್ ಒತ್ತಿದಾಗ ಒಳಗೆ ಇಣುಕಿ ನೋಡಿ: ಬಿಳಿ ನೊರೆ ಒಳತಳಕ್ಕೆ ಸಮನಾಗಿ ಕಾಣಬೇಕು, ತಂತಿ ಬಾಯಿಯಿಂದ 2–3 ಮಿ.ಮೀ. ಹೊರಗೆ ಚಾಚಿರಬೇಕು. ಕೂದಲಿನಷ್ಟು ತೆಳುವಾದ ಜಾಲರಿ ಎಳೆಯೊಂದು ನಡುವಿನ ತಂತಿಗೆ ತಾಕಿದ್ದರೂ ಶಾರ್ಟ್ ಆಗುತ್ತದೆ. ತಿರುಚಿ ಹಾಕುವ ಕನೆಕ್ಟರ್‌ಗಳು ಕೆಲಸ ಮಾಡುತ್ತವೆ, ಆದರೆ ಹೊರಗಡೆಗೆ ಅವನ್ನು ಬಳಸಬೇಡಿ. ಉಪಕರಣದಿಂದ ಅದುಮಿ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಮತ್ತು ಆ ಉಪಕರಣ ಕೊಂಡದ್ದು ಯಾವತ್ತೂ ದಂಡವಲ್ಲ.

ಎಲ್‌ಎನ್‌ಬಿಯ ಬಾಯಿಗೆ ಕನೆಕ್ಟರ್ ಬಿಗಿದ ಮೇಲೆ ತಾನೇ ತನಗೆ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಲಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ರಂಧ್ರಕ್ಕಿಂತ ಕೆಳಗೆ ಇಳಿದು ಮತ್ತೆ ಏರಬೇಕು, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಲಿ. ರಂಧ್ರವನ್ನೂ ಹೊರಗಡೆಗೆ ಇಳಿಜಾರಾಗಿ ಕೊರೆಯಿರಿ. ಬಾಗುವಲ್ಲಿ 7 ಸೆಂ.ಮೀ.ಗಿಂತ ಕಿರಿದಾದ ತಿರುವು ಬೇಡ, ಕ್ಲಿಪ್‌ಗಳು ಕೇಬಲ್ ಅನ್ನು ಅಪ್ಪಚ್ಚಿ ಮಾಡಬಾರದು. ಡಿಶ್‌ನ ಹತ್ತಿರ ಒಂದು ಮೀಟರ್ ಕೇಬಲ್ ಹೆಚ್ಚಿಗೆ ಸುತ್ತಿ ಕಟ್ಟಿಡಿ. ಅದರ ಉಪಯೋಗ ಮುಂದೆ ಬರುತ್ತದೆ.

ನೆಲದ ಗೋಪುರದಿಂದ ಬರುವ ಎಚ್‌ಡಿ

ಗೋಪುರದಿಂದ ನೇರ ಪ್ರಸಾರವಾಗುವ ಡಿಜಿಟಲ್ ಚಾನೆಲ್‌ಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಪದ್ಧತಿ: ಡಿವಿಬಿ-ಟಿ2, ಎಟಿಎಸ್‌ಸಿ, ಐಎಸ್‌ಡಿಬಿ-ಟಿ, ಡಿಟಿಎಂಬಿ. ಟಿವಿಯೊಳಗಿನ ಟ್ಯೂನರ್ ನಿಮ್ಮಲ್ಲಿನ ಪದ್ಧತಿಗೆ ಹೊಂದುತ್ತದೆಯೇ ಎಂದು ಆಂಟೆನಾ ಕೊಳ್ಳುವ ಮುಂಚೆಯೇ ನೋಡಿ. ಬೇರೆ ದೇಶದಿಂದ ತಂದ ಟಿವಿಯಲ್ಲಿ ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ.

ಗೋಪುರ ಎಷ್ಟು ದೂರದವರೆಗೆ ಸಿಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: ಗೋಪುರದ ಎತ್ತರದ ವರ್ಗಮೂಲ, ನಿಮ್ಮ ಆಂಟೆನಾ ಎತ್ತರದ ವರ್ಗಮೂಲ, ಎರಡನ್ನೂ ಮೀಟರ್‌ನಲ್ಲಿ ತೆಗೆದು ಕೂಡಿಸಿ 4.12ರಿಂದ ಗುಣಿಸಿ. 150 ಮೀಟರ್ ಗೋಪುರ, 9 ಮೀಟರ್ ಆಂಟೆನಾ ಆದರೆ ಸುಮಾರು 63 ಕಿ.ಮೀ. ನಡುವೆ ಗುಡ್ಡ ಇಲ್ಲದಿದ್ದರೆ ಮಾತ್ರ. ಯುಎಚ್‌ಎಫ್ ಆಂಟೆನಾದ ಕಡ್ಡಿಗಳು ಒಂದು ಗೇಣಿನ ಆಸುಪಾಸು ಇರುತ್ತವೆ, ಏಕೆಂದರೆ 600 ಮೆಗಾಹರ್ಟ್ಸ್‌ನ ಅರ್ಧ ಅಲೆ 25 ಸೆಂ.ಮೀ. ನಿಮ್ಮ ಗೋಪುರ 200 ಮೆಗಾಹರ್ಟ್ಸ್‌ನ ವಿಎಚ್‌ಎಫ್‌ನಲ್ಲೂ ಪ್ರಸಾರ ಮಾಡುತ್ತಿದ್ದರೆ 75 ಸೆಂ.ಮೀ. ಕಡ್ಡಿ ಬೇಕು, ಪುಟ್ಟ ಆಂಟೆನಾದ ಪೆಟ್ಟಿಗೆ ಮೇಲೆ ‘ಎಚ್‌ಡಿ’ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅಲೆಯ ಅಳತೆ ಬದಲಾಗದು. ಎಚ್‌ಡಿ ಆಂಟೆನಾ ಎಂಬ ಬೇರೆ ಜಾತಿಯೇ ಇಲ್ಲ. ಕಡ್ಡಿಗಳು ಅಡ್ಡ ಇರಬೇಕೋ ನೆಟ್ಟಗೆ ಇರಬೇಕೋ ಎಂಬುದು ಗೋಪುರದ ಮೇಲೆ ನಿಂತಿದೆ. ಅಕ್ಕಪಕ್ಕದ ಮನೆಯ ಆಂಟೆನಾ ನೋಡಿದರೆ ತಿಳಿಯುತ್ತದೆ.

ಸಿಗ್ನಲ್ ಇದ್ದೂ ಕ್ವಾಲಿಟಿ ಕುಣಿಯುತ್ತಿದ್ದರೆ ಕಟ್ಟಡಗಳಿಂದ ಮರಳಿ ಬರುವ ಪ್ರತಿಫಲನ ಕಾರಣವಿರಬಹುದು. ಆಂಟೆನಾವನ್ನು ಅರ್ಧ ಮೀಟರ್ ಪಕ್ಕಕ್ಕೆ ಸರಿಸಿ ನೋಡಿ, ಎತ್ತರ ಹೆಚ್ಚಿಸುವುದಕ್ಕಿಂತ ಇದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಗೋಪುರ ದೂರವಿದ್ದು ಆಂಪ್ಲಿಫೈಯರ್ ಬೇಕೇ ಬೇಕಾದರೆ ಅದನ್ನು ಕಂಬದ ತುದಿಯಲ್ಲಿ, ಆಂಟೆನಾ ಪಕ್ಕದಲ್ಲೇ ಹಾಕಿ. ಕೇಬಲ್ ನುಂಗಿದ ಮೇಲೆ ಟಿವಿ ಹಿಂದೆ ಹಾಕಿದರೆ ಬರೀ ಗದ್ದಲ ಹೆಚ್ಚುತ್ತದೆ. ಗೋಪುರ ಹತ್ತಿರವಿದ್ದರೆ ಆಂಪ್ಲಿಫೈಯರ್ ಉಸಿರುಗಟ್ಟಿ, ಬರುತ್ತಿದ್ದ ಚಾನೆಲ್‌ಗಳೂ ಹೋಗುತ್ತವೆ. 700–800 ಮೆಗಾಹರ್ಟ್ಸ್‌ನ ಮೊಬೈಲ್ ಗೋಪುರ ಸಮೀಪವಿದ್ದರೆ ಆಂಪ್ಲಿಫೈಯರ್‌ಗೂ ಮೊದಲು ಎಲ್‌ಟಿಇ ಫಿಲ್ಟರ್ (ಮೊಬೈಲ್ ಸಿಗ್ನಲ್ ತಡೆಯುವ ಸೋಸುಕ) ಹಾಕಿ.

ಡಿಶ್, ಆಂಟೆನಾ ಎರಡನ್ನೂ ಒಂದೇ ಕೇಬಲ್‌ನಲ್ಲಿ ಇಳಿಸಬಹುದು. ಆಂಟೆನಾ ಸಿಗ್ನಲ್ 862 ಮೆಗಾಹರ್ಟ್ಸ್‌ನೊಳಗೆ, ಡಿಶ್‌ನದು 950ರ ಮೇಲೆ, ಒಂದನ್ನೊಂದು ತುಳಿಯುವುದಿಲ್ಲ. ಮೇಲೊಂದು ಡೈಪ್ಲೆಕ್ಸರ್ ಸೇರಿಸುತ್ತದೆ, ಕೆಳಗೊಂದು ಬೇರ್ಪಡಿಸುತ್ತದೆ. ಇದರ ಜಾಗದಲ್ಲಿ ಸ್ಪ್ಲಿಟರ್ ಹಾಕಬೇಡಿ: 3.5 ಡೆಸಿಬೆಲ್ ಸುಮ್ಮನೆ ಹೋಗುತ್ತದೆ, ಮೇಲಾಗಿ ಬಾಕ್ಸ್‌ನ 18 ವೋಲ್ಟ್ ಆಂಟೆನಾದ ಕಡೆಗೂ ಹರಿದು ಶಾರ್ಟ್ ತೋರಿಸಬಹುದು. ಡೈಪ್ಲೆಕ್ಸರ್‌ನ ಡಿಶ್ ಬದಿ ವೋಲ್ಟೇಜ್ ಬಿಡುವಂಥದ್ದಿರಬೇಕು. ಕಂಬದ ಆಂಪ್ಲಿಫೈಯರ್‌ಗೂ ಕರೆಂಟ್ ಬೇಕಿದ್ದರೆ ತಲೆನೋವು ಬೇಡ, ಎರಡನೆಯ ಕೇಬಲ್ ಎಳೆಯಿರಿ.

ಅರ್ತಿಂಗ್ ವಿಷಯ. ಕಂಬ ಮತ್ತು ಕೇಬಲ್‌ನ ಜಾಲರಿ ಎರಡನ್ನೂ ಕೇಬಲ್ ಮನೆಯೊಳಗೆ ಹೋಗುವ ಮುಂಚೆ ಮನೆಯ ಮುಖ್ಯ ಅರ್ತಿಂಗ್‌ಗೆ ಸೇರಿಸಿ. ಡಿಶ್‌ಗೆಂದೇ ಬೇರೆ ಸಲಾಕೆ ಹೂತು ಅಷ್ಟಕ್ಕೇ ಬಿಟ್ಟರೆ ಸಿಡಿಲಿನ ಹೊತ್ತಲ್ಲಿ ಎರಡು ಅರ್ತಿಂಗ್‌ಗಳ ನಡುವಿನ ವೋಲ್ಟೇಜ್ ನಿಮ್ಮ ಟಿವಿಯ ಮೂಲಕವೇ ದಾರಿ ಹುಡುಕುತ್ತದೆ. ತಂತಿಯ ದಪ್ಪಕ್ಕೆ ನಿಮ್ಮಲ್ಲಿನ ವಿದ್ಯುತ್ ನಿಯಮವನ್ನೇ ಅನುಸರಿಸಿ. ಇಷ್ಟೆಲ್ಲ ಮಾಡಿದರೂ ನೇರ ಬಡಿಯುವ ಸಿಡಿಲನ್ನು ಇದು ತಡೆಯದು. ಗುಡುಗು ಕೇಳಿದರೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಳಚಿ.

ಒಳಗಿನ ಕೆಲಸ ಚಿಕ್ಕದು, ಆದರೆ ಇಷ್ಟು ಕಷ್ಟಪಟ್ಟದ್ದು ಇಲ್ಲೇ ನೀರಿಗೆ ಹೋಗುವುದುಂಟು. ಬಾಕ್ಸ್‌ನಿಂದ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್‌ಗಳ ತಂತಿ ಹಾಕಿದ್ದರೆ ನೀವು ನೋಡುತ್ತಿರುವುದು ಎಚ್‌ಡಿಯೇ ಅಲ್ಲ. ಎಚ್‌ಡಿಎಂಐ ಹಾಕಿ, ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ 1080 ಆರಿಸಿ, ಟಿವಿಯ ಚಿತ್ರದ ಅಳತೆಯಲ್ಲಿ ಓವರ್‌ಸ್ಕ್ಯಾನ್ (ಚಿತ್ರವನ್ನು ಹಿಗ್ಗಿಸಿ ಅಂಚು ಕತ್ತರಿಸುವ ಸೆಟ್ಟಿಂಗ್) ಆಫ್ ಮಾಡಿ.

ಕೆಟ್ಟಾಗ ಎಲ್ಲಿ ನೋಡಬೇಕು

ಕೆಲಸ ಮುಗಿದ ದಿನವೇ ಬೇರೆ ಬೇರೆ ಫ್ರೀಕ್ವೆನ್ಸಿಯ ನಾಲ್ಕೈದು ಚಾನೆಲ್‌ಗಳ ಕ್ವಾಲಿಟಿ ಸಂಖ್ಯೆ ಬರೆದು ಬಾಕ್ಸ್‌ನ ತಳಕ್ಕೆ ಅಂಟಿಸಿ. ಮುಂದೆ ಏನಾದರೂ ಕೆಟ್ಟಾಗ ಹೋಲಿಸಲು ಅದೊಂದೇ ಆಧಾರ. ಅಡ್ಡ ಧ್ರುವೀಕರಣದ ಚಾನೆಲ್‌ಗಳು ಮಾತ್ರ ಹೋಗಿದ್ದರೆ ಬಾಕ್ಸ್‌ನ 18 ವೋಲ್ಟ್ ಎಲ್‌ಎನ್‌ಬಿಗೆ ತಲುಪುತ್ತಿಲ್ಲ. ಮೇಲಿನ ಬ್ಯಾಂಡ್ ಮಾತ್ರ ಹೋಗಿದ್ದರೆ 22 ಕಿಲೋಹರ್ಟ್ಸ್ ಟೋನ್ ಸೆಟ್ಟಿಂಗ್ ನೋಡಿ. ಗಾಳಿ ಬೀಸಿದಾಗ ಮಾತ್ರ ಕೆಟ್ಟರೆ ಸ್ಪ್ಯಾನರ್ ಹಿಡಿದು ಹತ್ತಿ. 12.48 ಗಿಗಾಹರ್ಟ್ಸ್‌ನ ಆಸುಪಾಸಿನ ಚಾನೆಲ್ ಮಾತ್ರ ತೊದಲುತ್ತಿದ್ದರೆ ಬಾಕ್ಸ್ ಪಕ್ಕದ ಕಾರ್ಡ್‌ಲೆಸ್ ಫೋನ್ ದೂರ ಸರಿಸಿ: ಎಲ್‌ಎನ್‌ಬಿ ಇಳಿಸಿದ ಮೇಲೆ ಅದು 1880 ಮೆಗಾಹರ್ಟ್ಸ್ ಆಗುತ್ತದೆ, ಡೆಕ್ಟ್ ಫೋನ್‌ಗಳು ಮಾತಾಡುವ ಜಾಗವೂ ಅದೇ. ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಆಸುಪಾಸಿನಲ್ಲಿ ಕೆಲವು ದಿನ, ದಿನಕ್ಕೆ ಕೆಲವೇ ನಿಮಿಷ ಚಿತ್ರ ಹೋದರೆ ಏನೂ ಮುಟ್ಟಬೇಡಿ. ಸೂರ್ಯ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಿರುತ್ತಾನೆ, ತಾನಾಗಿಯೇ ಸರಿಹೋಗುತ್ತದೆ.

ಮಳೆ ನಿಂತು ಬಿಸಿಲು ಬಂದರೂ ಎರಡು ಮೂರು ದಿನ ಕ್ವಾಲಿಟಿ ಏರದಿದ್ದರೆ ಮಳೆಯ ತಪ್ಪಲ್ಲ, ಕೇಬಲ್‌ಗೆ ನೀರು ಹೊಕ್ಕಿದೆ. ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿ ನೋಡಿ. ನಡುವಿನ ತಂತಿ ಕಪ್ಪಾಗಿ, ಜಾಲರಿ ಬಣ್ಣಗೆಟ್ಟು ಪುಡಿಯಾಗಿರುತ್ತದೆ. ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ನೀರು ಜಾಲರಿಯಲ್ಲಿ ಕೆಳಗಿಳಿಯುತ್ತಾ ಹೋಗುವುದರಿಂದ ಕನೆಕ್ಟರ್ ಒಂದನ್ನೇ ಬದಲಿಸಿದರೆ ಸಾಲದು. ಕೇಬಲ್ ಅನ್ನು ಒಂದೊಂದು ಗೇಣು ಹಿಂದಕ್ಕೆ ಕತ್ತರಿಸುತ್ತಾ ಹೋಗಿ, ಜಾಲರಿ ಹೊಳೆಯುವ, ಒಣ ಜಾಗ ಸಿಕ್ಕಲ್ಲಿ ನಿಲ್ಲಿಸಿ ಹೊಸ ಕನೆಕ್ಟರ್ ಹಾಕಿ. ಸುತ್ತಿ ಕಟ್ಟಿಟ್ಟ ಆ ಒಂದು ಮೀಟರ್ ಹೆಚ್ಚುವರಿ ಕೇಬಲ್ ಇದಕ್ಕೇ.